ಎಲ್ಲರೂ ಹೂಂ ಅಂದರು, ನಾನೂ ಹೂಂ ಅಂದೆ

ಪ್ರಶ್ನೆ: ನನಗೆ 28 ವರ್ಷ. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಸಂಬಳ 24,000. ಅಪ್ಪನಿಗೆ ಕಾಲುವೆ ನೀರಿನ ನಾಲ್ಕು ಎಕರೆ ಗದ್ದೆ ಇದೆ. ತಂಗಿಗೆ ಮದುವೆ ಗೊತ್ತಾಗಿದೆ. ಹೋದ ತಿಂಗಳು ಮನೆಯಲ್ಲಿ ಎಲ್ಲರೂ ಕೂತಿದ್ದಾಗ ದೊಡ್ಡಪ್ಪ, "ಮಂಟಪದಾಗ ಮಾಡೂಣು. ಒಂದೂವರೆ ಸಾವಿರ ಮಂದಿ ಆಗ್ತಾರ. ಹತ್ತು ಲಕ್ಷ ಬೇಕು" ಅಂದರು. ಐದು ಲಕ್ಷ ದಲಾಲಿ ಅಂಗಡಿಯಿಂದ ತರುವುದು, ಇನ್ನೈದು ಲಕ್ಷ ನನ್ನ ಹೆಸರಿನಲ್ಲಿ ಬ್ಯಾಂಕ್ ಸಾಲ ಮಾಡುವುದು ಅಂತ ತೀರ್ಮಾನವಾಯಿತು. ಕಾಕಾ, ಸೋದರಮಾವ, ಅತ್ತೆ, ಅಪ್ಪ ಎಲ್ಲರೂ ಹೂಂ ಅಂದರು. ನಾನೂ ಹೂಂ ಅಂದೆ. ಮನಸ್ಸಿನಲ್ಲಿ ಮಾತ್ರ ಇದು ಬೇಡ ಅಂತಲೇ ಇತ್ತು. ಆಮೇಲೆ ನೋಡಿದರೆ ಅವ್ವ ಒಲೆ ಮುಂದೆ ಕೂತು ಗೊಣಗುತ್ತಿದ್ದಳು. ಅಪ್ಪನಿಗೆ ರಾತ್ರಿ ನಿದ್ದೆ ಇಲ್ಲ. ನನ್ನದು ಯಾವಾಗಲೂ ಹೀಗೇ. ಗಿರಣಿಯಲ್ಲಿ ಮಾಲೀಕರು ಹೇಳಿದ್ದಕ್ಕೆಲ್ಲ ಹೂಂ. ಚಹಾದಂಗಡಿಯಲ್ಲಿ ಗೆಳೆಯರು ಯಾವ ಪಕ್ಷ ಹೊಗಳಿದರೂ ಹೂಂ. ಅವರು ನನ್ನನ್ನು ಕೋಲೆಬಸವ ಅಂತಲೇ ಕರೆಯುತ್ತಾರೆ. ನಾನು ಹೇಡಿಯೇ? ನನಗೆ ಸ್ವಂತ ವ್ಯಕ್ತಿತ್ವವೇ ಇಲ್ಲವೇ? ಈಗ ಏನು ಮಾಡಲಿ?

ಉತ್ತರ: ಮೊದಲು ಒಂದು ಕೆಲಸದ ಮಾತು. ಬ್ಯಾಂಕಿನ ಅರ್ಜಿಗೆ ಸಹಿ ಹಾಕಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಹಾಕಿಲ್ಲದಿದ್ದರೆ ಸದ್ಯಕ್ಕೆ ಹಾಕಬೇಡಿ. ವ್ಯಕ್ತಿತ್ವದ ಪ್ರಶ್ನೆ ಇನ್ನೆರಡು ವಾರ ಕಾದರೂ ಏನೂ ಕೆಡುವುದಿಲ್ಲ. ಸಾಲದ್ದು ಹಾಗಲ್ಲ.

ನೀವೇ ಲೆಕ್ಕದವರು. ಆದರೂ ಒಮ್ಮೆ ಬರೆದು ತೋರಿಸುತ್ತೇನೆ. ಐದು ಲಕ್ಷ ಸಾಲ, ವರ್ಷಕ್ಕೆ ಶೇ. 12 ಬಡ್ಡಿ, ಐದು ವರ್ಷ ಅವಧಿ ಅಂತ ಹಿಡಿದರೆ ತಿಂಗಳ ಕಂತು ಸುಮಾರು 11,120 ರೂಪಾಯಿ. ನಿಮ್ಮ ಸಂಬಳದ ಅರ್ಧಕ್ಕೆ ಸ್ವಲ್ಪ ಕಡಿಮೆ. ದಲಾಲಿ ಅಂಗಡಿಯ ಐದು ಲಕ್ಷಕ್ಕೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದರೂ ತಿಂಗಳಿಗೆ ಹತ್ತು ಸಾವಿರ. ಅದು ಬರೀ ಬಡ್ಡಿ. ಅಸಲು ಹಾಗೇ ಕೂತಿರುತ್ತದೆ. ಎರಡೂ ಸೇರಿದರೆ ತಿಂಗಳಿಗೆ 21,000 ದಾಟಿತು. ಸಾಲ ಕೊಟ್ಟ ಅಂಗಡಿಗೇ ಭತ್ತ ಹಾಕಬೇಕಾಗುತ್ತದೆ, ಆಗ ದರದಲ್ಲಿ ಜಗ್ಗಾಡುವ ಬಲ ಇರುವುದಿಲ್ಲ ಅನ್ನುವುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಗಿರಣಿಯಲ್ಲಿ ಕೂತು ನನಗಿಂತ ಜಾಸ್ತಿ ನೋಡಿದ್ದೀರಿ.

ಅಂದರೆ ಆ ದಿನ ಆ ಪಡಸಾಲೆಯಲ್ಲಿ ಈ ಲೆಕ್ಕ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ನೀವೇ. ನಿಮಗೆ ಅಭಿಪ್ರಾಯ ಇರಲಿಲ್ಲ ಅನ್ನುವುದು ಸುಳ್ಳು. ಇತ್ತು. ಬಾಯಿಗೆ ಬರಲಿಲ್ಲ, ಅಷ್ಟೇ. ಇವೆರಡೂ ಬೇರೆ ಬೇರೆ ತೊಂದರೆಗಳು. ಅಭಿಪ್ರಾಯವೇ ಇಲ್ಲದವರು ನನ್ನ ಬಳಿ ಬರುವುದು ಬಹಳ ಕಡಿಮೆ. ಬಳ್ಳಾರಿಯಲ್ಲಿ ನಾನು ಆಪ್ತ ಸಮಾಲೋಚನೆ ಮಾಡುವ ಕೋಣೆಗೆ ಬರುವವರಲ್ಲಿ ಹೆಚ್ಚಿನವರು ನಿಮ್ಮಂಥವರು. ಒಳಗೆ ಮಾತು ತುಂಬಿರುತ್ತದೆ. ಹೊರಗೆ ಹೂಂ ಒಂದೇ.

ಬಾಯಿಗೆ ಯಾಕೆ ಬರಲಿಲ್ಲ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಹೇಳುತ್ತೇನೆ. ಸಾಲೊಮನ್ ಆಶ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು 1950ರ ದಶಕದಲ್ಲಿ ಮಾಡಿದ್ದು. ಕಾಲೇಜು ಹುಡುಗರನ್ನು ಒಂದು ಕೋಣೆಯಲ್ಲಿ ಕೂರಿಸುವುದು. ಒಂದು ಕಾರ್ಡಿನ ಮೇಲೆ ಒಂದು ಗೆರೆ. ಇನ್ನೊಂದರ ಮೇಲೆ ಉದ್ದ ಬೇರೆ ಬೇರೆ ಇರುವ ಮೂರು ಗೆರೆ. ಮೊದಲಿನ ಗೆರೆಯಷ್ಟೇ ಉದ್ದದ್ದು ಮೂರರಲ್ಲಿ ಯಾವುದು ಅಂತ ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳಬೇಕು. ಸಣ್ಣ ಮಕ್ಕಳೂ ಹೇಳುವಂಥದ್ದು. ಆದರೆ ಅಲ್ಲೊಂದು ಗುಟ್ಟಿತ್ತು. ಕೂತವರಲ್ಲಿ ಒಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಆಶ್ ಅವರ ಕಡೆಯವರು. ಮೊದಲೇ ಮಾತಾಡಿಕೊಂಡು ಕೆಲವು ಸುತ್ತುಗಳಲ್ಲಿ ಎಲ್ಲರೂ ಒಂದೇ ತಪ್ಪು ಉತ್ತರ ಹೇಳುತ್ತಿದ್ದರು. ಪಾಪ, ಆ ಒಬ್ಬ ಹುಡುಗನ ಸರದಿ ಬರುವಷ್ಟರಲ್ಲಿ ಐದಾರು ಜನ ಹೇಳಿ ಮುಗಿಸಿರುತ್ತಿದ್ದರು. ಅಂಥ ಸುತ್ತುಗಳಲ್ಲಿ ಸುಮಾರು ಮೂರಕ್ಕೊಂದು ಸಲ ಅವನೂ ಗುಂಪಿನ ತಪ್ಪನ್ನೇ ಹೇಳಿದ. ನೂರಕ್ಕೆ ಸುಮಾರು 75 ಹುಡುಗರು ಒಮ್ಮೆಯಾದರೂ ಗುಂಪಿನ ಜೊತೆ ಹೋದರು. ಒಬ್ಬರೇ ಕೂತು ಉತ್ತರ ಕೊಟ್ಟಾಗ ತಪ್ಪು ಶೇ. 1ಕ್ಕಿಂತಲೂ ಕಡಿಮೆ.

ಅಲ್ಲಿ ಕೂತಿದ್ದವರು ಯಾರೂ ಒಬ್ಬರಿಗೊಬ್ಬರು ಏನೂ ಆಗಬೇಕಾಗಿರಲಿಲ್ಲ. ಹೆಗಲ ಮೇಲೆ ಕೂರಿಸಿಕೊಂಡು ಗವಿಮಠದ ಜಾತ್ರೆ ತೋರಿಸಿದ ದೊಡ್ಡಪ್ಪ ಅಲ್ಲಿರಲಿಲ್ಲ. ನಾಳೆ ಬೆಳಗ್ಗೆ ಎದ್ದು ಅದೇ ಮುಖ ನೋಡುವ ಪ್ರಸಂಗವೂ ಇರಲಿಲ್ಲ. ಹೋಗಲಿ ಅಂದರೆ ವಿಷಯವೇನು, ಬರೀ ಒಂದು ಗೆರೆ. ಅಷ್ಟಕ್ಕೇ ಗಟ್ಟಿ ಹುಡುಗರು ಕಣ್ಣಿಗೆ ಕಂಡದ್ದನ್ನು ಬಿಟ್ಟುಕೊಟ್ಟರು. ನೀವು ತಂಗಿಯ ಮದುವೆಯ ಮಾತಿನಲ್ಲಿ, ಮನೆಯ ಹಿರಿಯರ ಎದುರು, ಎಲ್ಲರೂ ಹೂಂ ಅಂದ ಮೇಲೆ ಹೂಂ ಅಂದಿರಿ. ಇದನ್ನು ಹೇಡಿತನ ಅಂತ ಕರೆದರೆ ಊರಿಗೆ ಊರೇ ಹೇಡಿಗಳಿಂದ ತುಂಬಿದೆ ಅಂತ ಆಗುತ್ತದೆ.

1996ರಲ್ಲಿ ಇಬ್ಬರು ಸಂಶೋಧಕರು 17 ದೇಶಗಳಲ್ಲಿ ನಡೆದ ಇಂಥ 133 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬಂಧು ಬಳಗ, ಊರು, ಗುಂಪು ಅನ್ನುವುದಕ್ಕೆ ಬೆಲೆ ಜಾಸ್ತಿ ಇರುವ ಸಮಾಜಗಳಲ್ಲಿ ಈ ಹೂಂ ಅನ್ನುವ ಗುಣ ಹೆಚ್ಚು ಅಂತ ಕಂಡುಬಂತು. ಕೆಲವರು ಇದನ್ನು ಓದಿ ನಮ್ಮ ಜನಕ್ಕೆ ಬೆನ್ನೆಲುಬಿಲ್ಲ ಅಂತ ಭಾಷಣ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ನಾಲ್ಕು ಜನರ ನಡುವೆ ಹಿರಿಯರ ಮಾತು ಕೆಳಗೆ ಬೀಳದಂತೆ ನೋಡಿಕೊಳ್ಳುವುದು ಒಂದು ಮರ್ಯಾದೆ. ಅದರಿಂದಲೇ ಎಷ್ಟೋ ಮನೆಗಳು ಒಡೆಯದೆ ಉಳಿದಿವೆ. ತೊಂದರೆ ಇರುವುದು ಮರ್ಯಾದೆಯಲ್ಲಿ ಅಲ್ಲ. ಆ ಮರ್ಯಾದೆಯ ಹೂಂ ಅನ್ನು ಎಲ್ಲರೂ ಒಪ್ಪಿಗೆ ಅಂತ ಎಣಿಸಿಬಿಡುವುದರಲ್ಲಿ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಅವ್ವ ಗೊಣಗಿದ ಮಾತು, ಅಪ್ಪನ ನಿದ್ದೆಯ ಮಾತು. ಯಾಕೆಂದರೆ ಅಲ್ಲಿಗೆ ಇದು ನಿಮ್ಮೊಬ್ಬರ ಕಥೆಯಾಗಿ ಉಳಿಯಲಿಲ್ಲ. ಜೆರ್ರಿ ಹಾರ್ವೆ ಅಂತ ಒಬ್ಬ ಅಮೆರಿಕದ ಪ್ರಾಧ್ಯಾಪಕರು 1974ರಲ್ಲಿ ತಮ್ಮ ಅತ್ತೆ ಮನೆಯ ಒಂದು ಪ್ರಸಂಗ ಬರೆದರು. ಟೆಕ್ಸಾಸ್‌ನ ಕೋಲ್‌ಮನ್ ಎಂಬ ಸಣ್ಣ ಊರು. ಉರಿ ಬಿಸಿಲು, 40 ಡಿಗ್ರಿ. ನಮ್ಮ ಮೇ ತಿಂಗಳು ನೆನೆಸಿಕೊಳ್ಳಿ, ಸಾಕು. ಮನೆಯವರೆಲ್ಲ ನೆರಳಿನಲ್ಲಿ ಫ್ಯಾನ್ ಹಾಕಿಕೊಂಡು, ತಣ್ಣಗೆ ಕುಡಿಯುತ್ತಾ ಆಟ ಆಡುತ್ತಿದ್ದರು. ಮಾವ ಇದ್ದಕ್ಕಿದ್ದಂತೆ "ಅಬಿಲೀನ್‌ಗೆ ಹೋಗಿ ಊಟ ಮಾಡೋಣ" ಅಂದರು. ಹಾರ್ವೆ ಅವರ ಹೆಂಡತಿ ಸರಿ ಅಂದಳು. ಅಳಿಯ ಹಾರ್ವೆಯೂ ಸರಿ ಅಂದ, ಅತ್ತೆಗೆ ಇಷ್ಟವಿದ್ದರೆ ಅಂತ ಸೇರಿಸಿದ. ಅತ್ತೆಯೂ ಸರಿ ಅಂದರು. ಎಸಿ ಇಲ್ಲದ ಕಾರಿನಲ್ಲಿ, ಧೂಳಿನಲ್ಲಿ, ಒಂದು ಕಡೆಗೇ 85 ಕಿಲೋಮೀಟರ್ ಹೋದರು. ಊಟ ಬಾಯಿಗೆ ಹಾಕುವಂತಿರಲಿಲ್ಲ. ನಾಲ್ಕು ತಾಸಿನ ಮೇಲೆ ಸೋತು ಸುಣ್ಣವಾಗಿ ಮನೆಗೆ ಬಂದ ಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಅತ್ತೆಗೆ ಹೋಗುವುದು ಬೇಡವಾಗಿತ್ತು. ಹೆಂಡತಿಗೆ ಬೇಡವಾಗಿತ್ತು. ಅಳಿಯನಿಗೂ ಬೇಡವಾಗಿತ್ತು. ಕೊನೆಗೆ ಮಾವ ಹೇಳಿದರು, ನನಗೂ ಬೇಡವಾಗಿತ್ತು, ನಿಮಗೆಲ್ಲ ಬೇಜಾರಾಗಿರಬಹುದು ಅಂತ ಸುಮ್ನೆ ಕೇಳಿದೆ.

ಈಗ ನಿಮ್ಮ ದೊಡ್ಡಪ್ಪನ ಜಾಗದಲ್ಲಿ ನಿಂತು ನೋಡಿ. ತಮ್ಮನ ಮಗಳ ಮದುವೆ. ಹಿರಿಯನಾಗಿ ತಾನೇ "ಮನೆ ಮುಂದೆ ಚಪ್ಪರ ಹಾಕಿ ಇನ್ನೂರು ಮಂದಿಗೆ ಮಾಡೂಣು" ಅಂದರೆ ನಾದಿನಿ ಏನು ಅಂದುಕೊಂಡಾಳು? ತನ್ನ ಮಕ್ಕಳಿಗೆ ಮಂಟಪ, ನಮ್ಮ ಮಗಳಿಗೆ ಚಪ್ಪರ ಅಂತ ಬರುವುದಿಲ್ಲವೇ? ಹಾಗಾಗಿ ಅವರು ದೊಡ್ಡ ಅಂಕಿ ಹೇಳಿರಬಹುದು. ಯಾರಾದರೂ "ಅಷ್ಟು ಯಾಕಣ್ಣ" ಅಂತ ಇಳಿಸುತ್ತಾರೆ ಅಂತ ಕಾದಿರಲೂಬಹುದು. ಅಪ್ಪ ಅಣ್ಣನ ಮಾತು ಮೀರಲಿಲ್ಲ. ಕಾಕಾ, ದುಡ್ಡು ಕೊಡುವವನು ನಾನಲ್ಲ, ನಾನ್ಯಾಕೆ ಅಡ್ಡ ಬರಲಿ ಅಂದುಕೊಂಡರು. ಸೋದರಮಾವ ಹೆಣ್ಣು ಕೊಟ್ಟ ಮನೆಯವರು, ಅವರು ಅಲ್ಲಿ ಸಣ್ಣ ಮಾತು ಆಡುವ ಹಾಗೇ ಇಲ್ಲ. ಅತ್ತೆ ತವರಿನ ಮರ್ಯಾದೆ ನೋಡಿದರು. ನೀವು ಅಪ್ಪನ ಮುಖ ನೋಡಿದಿರಿ, ಅಪ್ಪ ನಿಮ್ಮ ಮುಖ ನೋಡಿದರು. ಇದೆಲ್ಲ ನನ್ನ ಊಹೆ. ಆದರೆ ಇಂಥ ಸಭೆಗಳಲ್ಲಿ ಕೂತವರಿಗೆ ಇದು ಹೊಸದಲ್ಲ.

ಒಬ್ಬೊಬ್ಬರ ಮನಸ್ಸಿನಲ್ಲೂ ಬೇಡ ಅಂತ ಇರುತ್ತದೆ, ಪ್ರತಿಯೊಬ್ಬರೂ ಉಳಿದವರಿಗೆಲ್ಲ ಬೇಕು ಅಂತ ನಂಬಿರುತ್ತಾರೆ. ಇದನ್ನು ಬೇರೆ ಕಡೆಯೂ ಅಳೆದು ನೋಡಿದ್ದಾರೆ. 1993ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕ್ಯಾಂಪಸ್ಸಿನ ಕುಡಿತದ ಬಗ್ಗೆ ಕೇಳಿದಾಗ, ಹೆಚ್ಚಿನವರಿಗೆ ಒಳಗೊಳಗೆ ಅದು ಸರಿ ಕಾಣುತ್ತಿರಲಿಲ್ಲ. ಆದರೆ ಉಳಿದವರಿಗೆಲ್ಲ ಇದು ಒಪ್ಪಿಗೆ, ನನಗೊಬ್ಬನಿಗೇ ಹೀಗೆ ಅಂತ ತಿಳಿದಿದ್ದರು. ನಮ್ಮ ಕಡೆ ಮದುವೆ, ಮನೆ ಒಕ್ಕಲು, ತೊಟ್ಟಿಲು, ದಿನಕರ್ಮದ ಊಟ ಇವೆಲ್ಲ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಾ ಹೋಗುವುದರ ಹಿಂದೆ ಇದರ ಪಾಲು ದೊಡ್ಡದು ಅಂತ ನನ್ನ ಅನಿಸಿಕೆ. ಮಂದಿ ಏನಂದಾರು ಅಂತ ನಾವು ಹೆದರುವ ಆ ಮಂದಿಯೂ ನಮ್ಮನ್ನು ನೋಡಿಯೇ ಹೆದರುತ್ತಿರುತ್ತಾರೆ.

ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಇಲ್ಲಿದೆ. ನೀವು ನಿಮ್ಮ ಹೂಂ ಅನ್ನು ನಿಮ್ಮ ಸ್ವಭಾವದ ದೋಷ ಅಂತ ನೋಡುತ್ತಿದ್ದೀರಿ. ಒಬ್ಬರೇ ಕೂತು, ಯಾವುದು ನಿಜವಾದ ನಾನು ಅಂತ ಹುಡುಕುತ್ತಿದ್ದೀರಿ. ಅದನ್ನು ಬಿಡಿ. ಆ ಹೂಂ ಹೊರಗೆ ಬಂದ ಕೂಡಲೇ ಒಂದು ಓಟಾಗಿ ಎಣಿಕೆಗೆ ಸೇರಿತು. ಅಪ್ಪ ಅದನ್ನು ಎಣಿಸಿದರು. ಮಗ ಒಪ್ಪಿದ್ದಾನೆ, ಇನ್ನು ನಾನು ಬೇಡ ಅಂದರೆ ಹೇಗೆ ಅಂತ ಅವರು ಸುಮ್ಮನಾಗಿರಬಹುದು. ನಿಮ್ಮ ಹೂಂ ಅಪ್ಪನ ಬಾಯಿ ಕಟ್ಟಿರಬಹುದು ಅನ್ನುವುದನ್ನು ನೀವು ಯೋಚಿಸಿಯೇ ಇಲ್ಲ ಅಲ್ವಾ? ಹೀಗೆ ನೋಡಿದಾಗ ಬಾಯಿಬಿಡುವುದು ನಿಮ್ಮ ಹೆಚ್ಚುಗಾರಿಕೆ ತೋರಿಸುವ ಕೆಲಸ ಆಗುವುದಿಲ್ಲ. ಪಕ್ಕದವರಿಗೆ ಸರಿಯಾದ ಲೆಕ್ಕ ಕೊಡುವ ಕೆಲಸ ಆಗುತ್ತದೆ. ಅದು ನಿಮಗೆ ಬರುವ ಕೆಲಸವೇ.

ಇನ್ನೊಂದು ವಿಷಯ ಕೇಳಬೇಕು. ನಿಮ್ಮ ಪತ್ರದಲ್ಲಿ ದೊಡ್ಡಪ್ಪ ಇದ್ದಾರೆ, ಕಾಕಾ ಇದ್ದಾರೆ, ಮಾಲೀಕರಿದ್ದಾರೆ, ಚಹಾದಂಗಡಿಯ ಗೆಳೆಯರೂ ಇದ್ದಾರೆ. ತಂಗಿ ಏನಂದಳು ಅನ್ನುವುದು ಎಲ್ಲೂ ಇಲ್ಲ. ಮದುವೆ ಅವಳದ್ದು. ಆ ದಿನ ಅವಳು ಎಲ್ಲಿದ್ದಳು? ಒಳಗೆ ಚಹಾ ಸೋಸುತ್ತಿದ್ದಳೇ? ಅಣ್ಣ ಐದು ವರ್ಷ ಕಂತು ಕಟ್ಟುತ್ತಾನೆ, ಅಪ್ಪನ ಭತ್ತ ಬಡ್ಡಿಗೆ ಹೋಗುತ್ತದೆ ಅಂತ ಅವಳಿಗೆ ಗೊತ್ತಿದೆಯೇ? ಗೊತ್ತಾದರೆ ಅವಳು ಏನು ಹೇಳುತ್ತಾಳೆ? ನಾನು ಉತ್ತರ ಊಹಿಸುವುದಿಲ್ಲ. ಅವಳಿಗೆ ಮಂಟಪದಲ್ಲೇ ಆಗಬೇಕು ಅಂತ ಆಸೆ ಇರಲೂಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಕೇಳಿ. ನಿಮ್ಮ ಮಾತನ್ನು ಯಾರೂ ಕೇಳಲಿಲ್ಲ ಅಂತ ನಿಮಗೆ ನೋವಾಗಿದೆ. ಅವಳನ್ನಂತೂ ಆ ಮಾತಿಗೆ ಕರೆದಂತೆಯೂ ಕಾಣುವುದಿಲ್ಲ. ಗಂಡಿನ ಮನೆಯ ಅಭಿಪ್ರಾಯವೂ ಗೊತ್ತಿಲ್ಲ. ಅವರಿಗೂ ಅರ್ಧ ಖರ್ಚು ಅಂತ ಇದ್ದರೆ ಅವರೂ ಒಳಗೊಳಗೆ ಇದೇ ಲೆಕ್ಕ ಹಾಕುತ್ತಿರಬಹುದು. ಹಾಗಲ್ಲದೆ ಅವರೇ ಇಷ್ಟು ದುಡ್ಡು, ಇಷ್ಟು ಬಂಗಾರ ಅಂತ ಕಟ್ಟುನಿಟ್ಟಾಗಿ ಕೇಳಿದ್ದರೆ ಅದು ಬೇರೆಯೇ ವಿಷಯ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಅದು ಅಪರಾಧ. ಆಗ ನಿಮಗೆ ಬೇಕಾಗಿರುವುದು ನನ್ನಂಥವರಲ್ಲ, ವಕೀಲರು.

ಈಗ ಹೇಗೆ ಮಾತಾಡುವುದು ಅನ್ನುವುದು. ಆಶ್ ಅವರ ಪ್ರಯೋಗದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಗುಂಪಿನಲ್ಲಿ ಇನ್ನೊಬ್ಬ, ಒಬ್ಬನೇ ಒಬ್ಬ, ಸರಿಯಾದ ಉತ್ತರ ಹೇಳುವವನಿದ್ದರೆ ಸಾಕು, ಗುಂಪಿನ ಜೊತೆ ತಪ್ಪು ಹೇಳುವುದು ಹಿಂದಿನದರ ಕಾಲು ಭಾಗಕ್ಕೆ ಇಳಿಯಿತು. ಉತ್ತರವನ್ನು ಗಟ್ಟಿಯಾಗಿ ಹೇಳುವ ಬದಲು ಚೀಟಿಯಲ್ಲಿ ಬರೆದುಕೊಡಿ ಅಂದಾಗಲೂ ಬಹಳ ಕಡಿಮೆಯಾಯಿತು. ಅಂದರೆ ಎದೆಗಾರಿಕೆ ಬೆಳೆಸಿಕೊಂಡು ಆಮೇಲೆ ಮಾತಾಡುತ್ತೇನೆ ಅಂತ ಕಾಯಬೇಕಾಗಿಲ್ಲ. ಕೂರುವ ರೀತಿ ಬದಲಿಸಿದರೆ ಇದ್ದ ಧೈರ್ಯವೇ ಸಾಲುತ್ತದೆ.

ನಿಮಗೆ ಆ ಒಬ್ಬರು ಈಗಾಗಲೇ ಸಿಕ್ಕಿದ್ದಾರೆ, ಒಲೆ ಮುಂದೆ ಕೂತಿದ್ದಾರೆ. ಅವ್ವನ ಹತ್ತಿರ ಮೊದಲು ಮಾತಾಡಿ. "ಅವ್ವಾ, ನನಗೂ ಇದು ಜಾಸ್ತಿ ಅನಿಸೇತಿ" ಅಂತ ಅಷ್ಟೇ ಹೇಳಿ, ಉಳಿದದ್ದು ಅವಳೇ ಹೇಳುತ್ತಾಳೆ. ಆಮೇಲೆ ತಂಗಿ. ಆಮೇಲೆ ಅಪ್ಪ, ಒಬ್ಬರೇ ಇದ್ದಾಗ. ಗದ್ದೆ ಕಡೆ ಹೋಗುವಾಗ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಬದುವಿನ ಮೇಲೆ ಮಾತು ತೆಗೆಯಬಹುದು. ನಮ್ಮ ಕಡೆ ಅಪ್ಪ ಮಗ ಎದುರಾಬದುರಾ ಕೂತು ಮನಸ್ಸು ಬಿಚ್ಚುವುದು ಕಷ್ಟ. ಪಕ್ಕಪಕ್ಕದಲ್ಲಿ ನಡೆಯುತ್ತಾ, ನೀರು ನೋಡುತ್ತಾ ಸಲೀಸು.

ದೊಡ್ಡಪ್ಪನ ಹತ್ತಿರ ಹೋಗುವುದು ಕೊನೆಗೆ. ಆದರೆ ಎರಡನೇ ಸಭೆ ಕೂರುವುದಕ್ಕೆ ಮುಂಚೆ, ಅವರ ಮನೆಗೇ, ಒಬ್ಬರೇ ಹೋಗಿ. ನಾಲ್ಕು ಜನರ ಎದುರು ಅವರ ಮಾತು ಮುರಿದರೆ ಅದು ಮದುವೆಯ ವಿಷಯ ಆಗಿ ಉಳಿಯುವುದಿಲ್ಲ, ಮಾನದ ವಿಷಯ ಆಗುತ್ತದೆ. ಮೇಲೆ ಬರೆದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. "ನೀವು ಹೇಳಿದ್ದು ತಪ್ಪು" ಅನ್ನಬೇಡಿ. "ದೊಡ್ಡಪ್ಪ, ಇದನ್ನ ಸ್ವಲ್ಪ ನೋಡ್ರಿ, ನನಗ ಕಂತು ಕಟ್ಟಾಕ ಆಗೂದಿಲ್ಲ ಅನಿಸ್ತೈತಿ, ಎಲ್ಲಿ ಕಡಿಮಿ ಮಾಡಬಹುದು?" ಅಂತ ಕೇಳಿ. ಇದು ನಾಟಕ ಅಲ್ಲ. ಹತ್ತು ಮದುವೆ ಮುಂದೆ ನಿಂತು ಮಾಡಿಸಿದವರಿಗೆ ಎಲ್ಲಿ ದುಡ್ಡು ಪೋಲಾಗುತ್ತದೆ ಅಂತ ನಿಜವಾಗಿ ಗೊತ್ತಿರುತ್ತದೆ. ಮಂಟಪವೋ ಚಪ್ಪರವೋ ಅನ್ನುವುದಕ್ಕಿಂತ ಎಷ್ಟು ಎಲೆ ಅನ್ನುವುದರ ಮೇಲೆ ಖರ್ಚು ನಿಂತಿರುತ್ತದೆ. ಒಂದೂವರೆ ಸಾವಿರವನ್ನು ಆರು ನೂರಕ್ಕೆ ತಂದರೆ ಮಂಟಪ ಉಳಿಸಿಕೊಂಡೂ ಬಹಳಷ್ಟು ಇಳಿಯುತ್ತದೆ. ದೊಡ್ಡಪ್ಪನ ಮಾತೂ ಉಳಿಯುತ್ತದೆ.

ಒಂದು ಸಲ ಹೇಳಿ, ಅವರು ಮುಖ ಗಂಟಿಕ್ಕಿದ ಕೂಡಲೇ "ಹಂಗಲ್ಲ ಬಿಡ್ರಿ" ಅಂತ ಹಿಂದೆ ಸರಿಯಬೇಡಿ. ಫ್ರಾನ್ಸ್‌ನ ಸೆರ್ಜ್ ಮೊಸ್ಕೊವಿಚಿ 1969ರಲ್ಲಿ ಆಶ್ ಪ್ರಯೋಗವನ್ನು ತಿರುಗಿಸಿ ಮಾಡಿದರು. ಆರು ಜನರಲ್ಲಿ ಇಬ್ಬರನ್ನು ತಮ್ಮ ಕಡೆ ಇಟ್ಟುಕೊಂಡು, ನೀಲಿ ಬಣ್ಣವನ್ನು ಹಸಿರು ಅಂತ ಹೇಳಿಸಿದರು. ಆ ಇಬ್ಬರು ಪ್ರತಿ ಸಲವೂ ಒಂದೇ ಮಾತು ಹೇಳಿದಾಗ ಉಳಿದವರ ಉತ್ತರಗಳಲ್ಲಿ ಶೇ. 8ರಷ್ಟು ಅವರ ಕಡೆ ವಾಲಿದವು. ಒಮ್ಮೆ ಹಸಿರು, ಒಮ್ಮೆ ನೀಲಿ ಅಂದಾಗ ಶೇ. 1ರ ಆಸುಪಾಸು. ಸುಳ್ಳಿಗೇ ಅಷ್ಟು ಬಲ ಬಂತು ಅಂದ ಮೇಲೆ ನಿಜವಾದ ಬಡ್ಡಿ ಲೆಕ್ಕಕ್ಕೆ ಇನ್ನೆಷ್ಟು ಬರಬೇಡ! ದನಿ ಏರಿಸಬೇಡಿ, ಮಾತು ಬದಲಿಸಬೇಡಿ. ಎಲ್ಲರ ಹತ್ತಿರವೂ ಅದೇ ಅಂಕಿ ಹೇಳಿ.

ಹಿರಿಯರ ಎದುರು ಮಾತಾಡುವುದು ನಮ್ಮ ಪದ್ಧತಿ ಅಲ್ಲ ಅಂತ ಯಾರಾದರೂ ಅಂದರೆ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಸಿಕೊಳ್ಳಿ. ನಮ್ಮದೇ ಸೀಮೆಯವರು, ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯ ಅಮರೇಶ್ವರದವರು. 12ನೇ ಶತಮಾನದ ಮಾತು. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ದಾಸೋಹ ನಡೆಯುತ್ತಿತ್ತು. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಲಕ್ಕಮ್ಮ, ಇಷ್ಟಕ್ಕೆ ಆಸೆ ಯಾಕೆ, ಹೆಚ್ಚಿನದನ್ನು ತಂದಲ್ಲೇ ಚೆಲ್ಲಿ ಬಾ ಅಂದಳು ಅಂತ ಕಥೆ. ಗಂಡನೇ ದೇವರು ಅನ್ನುತ್ತಿದ್ದ ಕಾಲದಲ್ಲಿ ಗಂಡನಿಗೇ ಹೇಳಿದಳು. ಅವಳು ಮಾರಯ್ಯನನ್ನು ಹಳಿಯಲಿಲ್ಲ, ತಂದ ಅಕ್ಕಿಯ ಬಗ್ಗೆ ಮಾತಾಡಿದಳು. ಮನೆ ಬಿಟ್ಟು ಹೋಗಲೂ ಇಲ್ಲ. ಇಂದಿಗೂ ಇಬ್ಬರ ಹೆಸರನ್ನೂ ಒಟ್ಟಿಗೇ ಹೇಳುತ್ತೇವೆ.

ಇನ್ನು ಗಿರಣಿಯಲ್ಲಿ ಒಂದು ರೀತಿ, ಮನೆಯಲ್ಲಿ ಒಂದು ರೀತಿ, ಚಹಾದಂಗಡಿಯಲ್ಲಿ ಇನ್ನೊಂದು ರೀತಿ ಇರುತ್ತೇನೆ ಅಂತ ನಿಮ್ಮ ಸಂಕಟ. ಇದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಬಳ್ಳಾರಿ, ರಾಯಚೂರಿನಲ್ಲಿ ಮನೆಯಲ್ಲಿ ತೆಲುಗು, ಆಫೀಸಿನಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು ಮಾತಾಡುವವರು ಎಷ್ಟು ಜನರಿಲ್ಲ? ಅವರ ನಿಜವಾದ ನಾಲಿಗೆ ಯಾವುದು ಅಂತ ಯಾರೂ ಕೇಳುವುದಿಲ್ಲ. 1974ರಲ್ಲಿ ಮಾರ್ಕ್ ಸ್ನೈಡರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಅಳೆಯಲು 25 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಕೆಲವರು ಎದುರಿಗಿರುವವರನ್ನು ನೋಡಿ ತಮ್ಮ ನಡೆ ನುಡಿ ಹೊಂದಿಸಿಕೊಳ್ಳುತ್ತಾರೆ, ಕೆಲವರು ಎಲ್ಲಿ ಹೋದರೂ ಒಂದೇ ತರಹ. ಎರಡರಲ್ಲಿ ಒಂದು ಮೇಲು, ಇನ್ನೊಂದು ಕೀಳು ಅಂತ ಏನಿಲ್ಲ. ಎಲ್ಲಿ ಹೋದರೂ ಒಂದೇ ತರಹ ಇರುವವರ ಜೊತೆ ಒಂದು ವಾರ ಇದ್ದು ನೋಡಿ, ಗೊತ್ತಾಗುತ್ತದೆ.

ಚಹಾದಂಗಡಿಯ ರಾಜಕೀಯಕ್ಕೆ ನೀವು ಹೂಂ ಅಂದರೆ ಯಾರ ಮನೆಯೂ ಮುಳುಗುವುದಿಲ್ಲ. ಗೆಳೆಯ ಒಗ್ಗರಣೆ ಮಂಡಾಳು, ಮಿರ್ಚಿ ತಿನ್ನುತ್ತಾ ದೇಶ ಆಳುತ್ತಿದ್ದರೆ ಆಳಲಿ ಬಿಡಿ. ಎಲ್ಲ ವಿಷಯದಲ್ಲೂ ಅಭಿಪ್ರಾಯ ಇರಲೇಬೇಕು ಅನ್ನುವುದು ಈಗ ಫೋನು ಕೈಗೆ ಬಂದ ಮೇಲೆ ಹತ್ತಿದ ರೋಗ. ಗುಂಪಿನಲ್ಲಿ ಒಂದು ವಿಡಿಯೋ ಬಂದ ಐದು ನಿಮಿಷಕ್ಕೆ ಪರವೋ ವಿರೋಧವೋ ಹೇಳಬೇಕು. "ನನಗೆ ಗೊತ್ತಿಲ್ಲ", "ನಾನಿನ್ನೂ ಯೋಚಿಸಿಲ್ಲ" ಅನ್ನುವುದೂ ಪೂರ್ತಿ ಉತ್ತರವೇ. ಹೂಂ ಅನ್ನುವ ಜಾಗದಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ಇದನ್ನು ಹೇಳಿ ಅಭ್ಯಾಸ ಮಾಡಿ. ಸಣ್ಣ ವಿಷಯಗಳಲ್ಲಿ ಶುರು ಮಾಡುವುದು ಒಳ್ಳೆಯದು. ಸಿನಿಮಾ ಇಷ್ಟವಾಗಲಿಲ್ಲ, ಈ ಹೋಟೆಲ್ಲಿನ ಚಹಾ ಸಪ್ಪೆ, ಇಂಥದ್ದು. ನಾಲಿಗೆಗೆ ಆ ದಾರಿ ಪರಿಚಯವಾದರೆ ಸಾಕು.

ನಿಮ್ಮ ಗೆಳೆಯರ ಗುಂಪಿನಲ್ಲಿ ಎಲ್ಲದಕ್ಕೂ ಅಡ್ಡ ಮಾತಾಡುವ ಒಬ್ಬ ಇರಬೇಕಲ್ಲ? ಇದ್ದೇ ಇರುತ್ತಾನೆ. ಅವನನ್ನು ಎಲ್ಲರೂ ಬಹಳ ಸ್ವತಂತ್ರ ಮನಸ್ಸಿನವನು ಅನ್ನುತ್ತಾರೆ. ನೀವು ಅವನಂತೆ ಆಗಲು ಹೋಗಬೇಡಿ. ನಾಲ್ಕು ಜನ ಹೌದು ಅಂದದ್ದಕ್ಕೆ ಅಲ್ಲ ಅನ್ನುವವನೂ ಆ ನಾಲ್ಕು ಜನರ ಬಾಯನ್ನೇ ನೋಡಿಕೊಂಡಿರುತ್ತಾನೆ. ಅವರು ಸುಮ್ಮನಿದ್ದರೆ ಅವನಿಗೂ ಹೇಳಲು ಏನೂ ಇರುವುದಿಲ್ಲ.

ಮಾಲೀಕರ ವಿಷಯ ಬೇರೆ. ಅಲ್ಲಿ ಸಂಬಳ ಇದೆ. ಮಾಲೀಕರು ಚೀಲದ ಲೆಕ್ಕ ಹೀಗೆ ಬರಿ ಅಂದರೆ ಬರೆಯಿರಿ, ಅದು ಕೆಲಸ. ಸುಳ್ಳು ಲೆಕ್ಕ ಬರಿ ಅಂದರೆ ಹೂಂ ಅನ್ನಬಾರದು. ಯಾಕೆಂದರೆ ಕೈಬರಹ ನಿಮ್ಮದು, ನಾಳೆ ಕೇಳುವುದೂ ನಿಮ್ಮನ್ನೇ. ಎಲ್ಲಿ ಹೂಂ ಅಂದರೆ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಅಂತ ನನ್ನನ್ನು ಕೇಳಿದರೆ, ನಾನು ನೋಡುವುದು ಒಂದನ್ನೇ. ಈ ಹೂಂಗೆ ದುಡ್ಡನ್ನೋ ನಿದ್ದೆಯನ್ನೋ ಕೊಡುವವರು ಯಾರಾದರೂ ಇದ್ದಾರೆಯೇ? ಇದ್ದರೆ ಬಾಯಿ ತೆರೆಯಬೇಕು.

ಒಂದು ಎಚ್ಚರಿಕೆ. ಹಿರಿಯರ ಎದುರು ಮಾತ್ರವಲ್ಲ, ಎಲ್ಲರ ಎದುರೂ ಬಾಯಿ ತೆರೆಯಲು ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಅದಕ್ಕೆ ಹೆದರಿ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದೀರಿ, ಕೆಲಸಕ್ಕೂ ತೊಂದರೆ ಆಗುತ್ತಿದೆ ಅಂತಿದ್ದರೆ ಅದು ಸ್ವಭಾವದ ಮಾತಲ್ಲ. ಅದಕ್ಕೆ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಸಿಗುತ್ತದೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ನಾಚಿಕೆ ಪಡಬೇಕಾಗಿಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಮದ್ದು ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಿಮ್ಮ ಪತ್ರ ಓದಿದರೆ ನಿಮಗೆ ಅಷ್ಟು ಇದೆ ಅಂತ ನನಗೆ ಅನಿಸುವುದಿಲ್ಲ. ಆದರೂ ಹೇಳಿರಬೇಕು.

ಕೊನೆಗೆ, ಇಷ್ಟೆಲ್ಲ ಮಾಡಿದ ಮೇಲೂ ಮನೆಯವರು ಮಂಟಪ, ಒಂದೂವರೆ ಸಾವಿರ ಮಂದಿ ಅಂತಲೇ ಹಠ ಹಿಡಿದರೆ? ಹಿಡಿಯಬಹುದು. ಆಗ ನೀವು ಎರಡು ವಿಷಯ ಬೇರೆ ಮಾಡಿ. ಮದುವೆ ಹೇಗಾಗಬೇಕು ಅನ್ನುವುದು ಎಲ್ಲರದ್ದು. ಅದರಲ್ಲಿ ಸೋತರೆ ಸೋಲಿ, ಮುಖ ಊದಿಸಿಕೊಂಡು ಓಡಾಡಬೇಡಿ, ಬಡಿಸಲು ಮುಂದೆ ನಿಲ್ಲಿ. ನಿಮ್ಮ ಹೆಸರಿನ ಸಾಲ ಮಾತ್ರ ನಿಮ್ಮದು. ನಿಮ್ಮ ಸಂಬಳಕ್ಕೆ ತಿಂಗಳಿಗೆ ನಾಲ್ಕೂವರೆ ಸಾವಿರದ ಕಂತು ತಡೆಯಬಹುದು. ಅದೇ ಬಡ್ಡಿ, ಅದೇ ಅವಧಿಗೆ ಅದು ಸುಮಾರು ಎರಡು ಲಕ್ಷದ ಸಾಲ. "ಎರಡು ಲಕ್ಷಕ್ಕ ಸಹಿ ಹಾಕ್ತೀನ್ರಿ, ಅದಕ್ಕಿಂತ ಜಾಸ್ತಿ ಆಗೂದಿಲ್ಲ" ಅಂತ ದೊಡ್ಡಪ್ಪನಿಗೆ, ಅಪ್ಪನಿಗೆ ಮೊದಲೇ ತಿಳಿಸಿಬಿಡಿ. ಮಂಟಪಕ್ಕೆ, ಅಡುಗೆಯವರಿಗೆ ಮುಂಗಡ ಕೊಟ್ಟ ಮೇಲೆ ಹೇಳಿದರೆ ಅದು ಕೈಕೊಟ್ಟ ಹಾಗೆ. ಈ ವಾರವೇ ಹೇಳಿ.